ಸಿಮೆಂಟು ಕಿತ್ತ ಮೇಲೆ ಗೋಡೆ ಒಣಗಿತು

ಮೈಸೂರಿನ ನಮ್ಮ ಮೊಹಲ್ಲಾದ ಹಳೆಯ ಸಭಾಭವನವನ್ನು ದುರಸ್ತಿ ಮಾಡಲೆಂದು ಬೀಗ ತೆಗೆದ ದಿನ ಮೊದಲು ಮೂಗಿಗೆ ಬಡಿದದ್ದು ಬಾವಲಿ ಹಿಕ್ಕೆಯ ವಾಸನೆ. ನನ್ನನ್ನು ಹೆದರಿಸಿದ್ದು ಮಾತ್ರ ಗೋಡೆ. ಏಪ್ರಿಲ್ ಬಿಸಿಲಿನಲ್ಲೂ ಅದು ಸೊಂಟದೆತ್ತರದವರೆಗೆ ಒದ್ದೆಯಾಗಿತ್ತು. ಅಂಗೈ ಇಟ್ಟರೆ ಬಿಳಿ ಉಪ್ಪು ಮೆತ್ತಿಕೊಳ್ಳುತ್ತಿತ್ತು.

ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದೆ. ಆದರೂ ಕೆಡವಿ ಹೊಸದು ಕಟ್ಟಿ ಎಂದವರು ಹಲವರು. ಅವರನ್ನು ನಾನು ದೂರುವುದಿಲ್ಲ. 2012ರಲ್ಲಿ ಇದೇ ಊರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಭಾಗ ಕುಸಿಯಿತು. ಊರು ಅದನ್ನು ಮರೆತಿಲ್ಲ.

ನಾನು ಸಿವಿಲ್ ಎಂಜಿನಿಯರ್, ಕಾಂಕ್ರೀಟಿನಲ್ಲೇ ಪಳಗಿದವನು. ಆದ್ದರಿಂದ ಮೊದಲ ಒಂದು ತಿಂಗಳು ಏನನ್ನೂ ಮುಟ್ಟದೆ ನೋಡಿದೆ. ವರ್ಷವರ್ಷವೂ ಡಾಂಬರು ಹಾಕಿ ರಸ್ತೆ ಮೇಲೇರಿತ್ತು, ಭವನದ ನೆಲ ತಗ್ಗಿನಲ್ಲಿ ಉಳಿದಿತ್ತು. ಮಳೆನೀರು ತಳಪಾಯದ ಬುಡದಲ್ಲೇ ನಿಲ್ಲುತ್ತಿತ್ತು. ಸಾಲದ್ದಕ್ಕೆ ಹಿಂದೆ ಯಾರೋ ಗಾರೆ ಕಿತ್ತು ಸಿಮೆಂಟು ಬಳಿದಿದ್ದರು. ಸುಣ್ಣದ ಗಾರೆಯಾಗಿದ್ದರೆ ತೇವ ಅದರ ಮೂಲಕ ಹೊರಗೆ ಆರುತ್ತಿತ್ತು. ಸಿಮೆಂಟು ಅದನ್ನು ತಡೆದದ್ದರಿಂದ ತೇವ ಮೇಲೇರಿ, ಉಪ್ಪು ಒಳಗೇ ಹರಳುಗಟ್ಟಿ, ಇಟ್ಟಿಗೆ ಪುಡಿಯಾಗತೊಡಗಿತ್ತು.

ಹೀಗಾಗಿ ಪಾರಂಪರಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಮೊದಲು ಚರಂಡಿ ತೋಡಿಸಿದೆವು. ಆಮೇಲೆ ಸಿಮೆಂಟನ್ನು ಸಣ್ಣ ಉಳಿಯಿಂದ ಬಿಡಿಸಿ, ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿದಾಗಿ ಬಿಟ್ಟೆವು. ಕೆಲಸ ನಿಂತಿತೇ ಎಂದು ಜನ ಕೇಳುತ್ತಿದ್ದರು. ನಿಜಕ್ಕೂ ಆ ದಿನಗಳಲ್ಲೇ ಗೋಡೆ ಅರ್ಧ ಗುಣವಾಯಿತು.

ಹಿತ್ತಲಿನ ಗುಂಡಿಯಲ್ಲಿ ಸುಣ್ಣ ನೆನೆಯುತ್ತಿತ್ತು. ವಾರ ಕಳೆದಾಗ ಸಾಕಲ್ಲವೇ ಎಂದೆ. ಹಿರಿಯ ಮೇಸ್ತ್ರಿ ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಲ್ಲಿ ತಿಕ್ಕಿ, ಸಾಸಿವೆಯಷ್ಟು ಗಾತ್ರದ ಕಾಳೊಂದನ್ನು ನನ್ನ ಅಂಗೈಗಿಟ್ಟರು. “ಇದು ಇನ್ನೂ ಅರಳಿಲ್ಲ ಸ್ವಾಮಿ. ಗೋಡೆಯೊಳಗೆ ಹೋಗಿ ಅರಳಿದರೆ ಗಾರೆಯನ್ನೇ ಸಿಡಿಸುತ್ತದೆ.” ಬೆಣ್ಣೆಯಂತಾಗುವವರೆಗೆ ಕಾದೆವು. ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಇಟ್ಟಿಗೆ ಪುಡಿ), ಎರಡು ಪಾಲು ಮರಳು. ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ತೆಳುವಾಗಿ ಒಂದೊಂದೇ ಪದರ ಬಳಿದು, ಒದ್ದೆ ಗೋಣಿ ಕಟ್ಟಿ, ಗಾಳಿಯನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗಲು ಬಿಟ್ಟೆವು.

ಚಾವಣಿ ಮದ್ರಾಸ್ ತಾರಸಿ, ಎಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ್ದು. ತೊಲೆಗಳಲ್ಲಿ ಎರಡರ ತುದಿ ಮಾತ್ರ ಕೊಳೆತಿತ್ತು. ಅಷ್ಟನ್ನೇ ಕತ್ತರಿಸಿ ಹಳೆಯ ತೇಗದ ತುಂಡು ಬೆಸೆದೆವು. ಶೌಚಾಲಯವನ್ನು ಅಂಗಳದಲ್ಲಿ ಪ್ರತ್ಯೇಕವಾಗಿ ಕಟ್ಟಿಸಿದೆವು. ಗಾಲಿಕುರ್ಚಿಯ ಇಳಿಜಾರನ್ನು ಗೋಡೆಗೆ ತಾಗಿಸದೆ ಪಕ್ಕದ ಬಾಗಿಲಿಗೆ ಇರಿಸಿದೆವು. ವೈರುಗಳಿಗೆ ಗೋಡೆ ಕೊರೆಯಲು ನಾನು ಬಿಡಲಿಲ್ಲ. ಈ ವಿಷಯದಲ್ಲಿ ಜಗಳವನ್ನೇ ಆಡಿದ್ದೇನೆ.

ಈಗ ಸಂಜೆ ಮಕ್ಕಳ ಸಂಗೀತ ಪಾಠ, ದಸರೆಗೆ ಬೊಂಬೆ ಜೋಡಣೆ, ತಿಂಗಳಿಗೊಮ್ಮೆ ಹಿರಿಯರ ಕೂಟ ಇಲ್ಲೇ ನಡೆಯುತ್ತವೆ. ಬಾಡಿಗೆಯ ಒಂದು ಪಾಲು ಚರಂಡಿ ಶುಚಿಗೆ ಮೀಸಲು. ಸುಣ್ಣದ ಗುಂಡಿಯನ್ನು ಮುಚ್ಚಿಲ್ಲ. ಮುಂದಿನ ದುರಸ್ತಿಯ ಸುಣ್ಣ ಅದರಲ್ಲಿ ನೆನೆಯುತ್ತಿದೆ.