ಮನೆಯಲ್ಲೇ ಇದ್ದು ಕಲಿತ ಮೂರು ಕೆಲಸಗಳು: ನನ್ನ ಅನುಭವ

ಕಾಲಿನ ಮೂಳೆ ಮುರಿದು, ಪ್ಲಾಸ್ಟರ್ ತೆಗೆಯುವವರೆಗೆ ಹೊರಗೆ ಓಡಾಡಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ಬಹಳ ಕಾಲ ಮನೆಯೊಳಗೇ ಇರಬೇಕಾಯಿತು. ಆ ಅವಧಿಯಲ್ಲಿ ಕಲಿತು ಇಂದಿಗೂ ಬಳಸುತ್ತಿರುವ ಕೆಲಸಗಳು ಮೂರು: ಕೀಲಿಮಣೆಯನ್ನು ನೋಡದೆ ಎಲ್ಲ ಬೆರಳುಗಳಿಂದ ಟೈಪ್ ಮಾಡುವುದು, ಸ್ಪ್ರೆಡ್‌ಶೀಟಿನಲ್ಲಿ (ಸಾಲು ಕಂಬಗಳಿರುವ ಕಂಪ್ಯೂಟರ್ ಲೆಕ್ಕದ ಹಾಳೆಯಲ್ಲಿ) ಲೆಕ್ಕ ಇಡುವುದು, ಮತ್ತು ಸೂಜಿ ದಾರ ಹಿಡಿದು ಬಟ್ಟೆ ದುರಸ್ತಿ ಮಾಡುವುದು. ಇವುಗಳಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ. ಆದರೂ ಇವೇ ಏಕೆ ಕೈಹತ್ತಿದವು, ಬೇರೆ ಕೆಲವನ್ನು ಆರಂಭಿಸದೆಯೇ ಏಕೆ ಬಿಟ್ಟೆ ಎಂಬುದಕ್ಕೆ ಕಾರಣಗಳಿವೆ, ಮತ್ತು ಯಾವ ಕಾರಣದಿಂದಲೇ ಆಗಲಿ ಮನೆಯಲ್ಲಿ ಉಳಿಯಬೇಕಾದವರಿಗೆ ಆ ಕಾರಣಗಳು ಉಪಯೋಗಕ್ಕೆ ಬರಬಹುದು.

ಇಂಥ ಸಂದರ್ಭದಲ್ಲಿ ಯಾರಾದರೊಬ್ಬರು ನ್ಯೂಟನ್ನನ ಉದಾಹರಣೆಯನ್ನು ಕೊಟ್ಟೇ ಕೊಡುತ್ತಾರೆ. 1665ರಲ್ಲಿ ಪ್ಲೇಗಿನಿಂದಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿದಾಗ ಅವನು ತನ್ನ ಊರಾದ ವೂಲ್ಸ್‌ಥಾರ್ಪಿಗೆ ಹೋಗಿ ಕಲನಶಾಸ್ತ್ರ, ಬೆಳಕು ಮತ್ತು ಗುರುತ್ವದ ಬಗ್ಗೆ ಕೆಲಸ ಮಾಡಿದ್ದು ನಿಜ. ಆದರೆ ಊರಿಗೆ ಹೋಗುವ ಮೊದಲೇ ಅವನು ಆ ಕಾಲದ ಗಣಿತವನ್ನು ಆಳವಾಗಿ ಓದಿಕೊಂಡಿದ್ದ ಎಂಬುದನ್ನು ಉದಾಹರಣೆ ಕೊಡುವವರು ಹೇಳುವುದಿಲ್ಲ. ಮನೆವಾಸ ಅವನಿಗೆ ಕೊಟ್ಟದ್ದು ಹಿಡಿದ ಕೆಲಸವನ್ನು ಅಡ್ಡಿಯಿಲ್ಲದೆ ಮುಂದುವರಿಸುವ ಅವಕಾಶವನ್ನು. ಹೊಸದಾಗಿ ಕಲಿಯಲು ಕುಳಿತವನ ಸ್ಥಿತಿ ಬೇರೆ. ಅವನಿಗೆ ಬಿಡುವು ಬೇಕಾದಷ್ಟು ಇರುತ್ತದೆ. ಇಲ್ಲದಿರುವುದು ಪಕ್ಕದಲ್ಲಿ ನಿಂತು ತಿದ್ದುವವರು. ಆದ್ದರಿಂದ ಏನು ಕಲಿಯಬೇಕೆಂದು ಯೋಚಿಸುವಾಗ ನಾನು ಮುಖ್ಯವಾಗಿ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಈ ಕೆಲಸದಲ್ಲಿ ತಪ್ಪಾದರೆ ಆ ತಪ್ಪು ನನಗೇ, ಆಗಲೇ, ಕಾಣಿಸುತ್ತದೆಯೆ?

ಈ ಪ್ರಶ್ನೆಗೆ ಇಲ್ಲವೆಂದು ಉತ್ತರ ಬಂದವುಗಳನ್ನು ಕೈಬಿಟ್ಟೆ. ಕೊಳಲು ಕಲಿಯುವ ಆಸೆ ಬಹಳ ವರ್ಷಗಳಿಂದ ಇತ್ತು, ಆದರೆ ಶ್ರುತಿ ತಪ್ಪಿದ್ದನ್ನು ಗುರುತಿಸುವ ಕಿವಿ ನನ್ನಲ್ಲಿ ಇನ್ನೂ ಬೆಳೆದಿರಲಿಲ್ಲ. ನುಡಿಸಿದ್ದನ್ನು ಧ್ವನಿಮುದ್ರಿಸಿ ಕೇಳಬಹುದು ಎನ್ನುವವರಿದ್ದಾರೆ. ಕೇಳುವ ಕಿವಿಯೂ ನುಡಿಸಿದವನದೇ ಆದಾಗ ಅದರಿಂದ ಹೆಚ್ಚಿನ ಲಾಭವಿಲ್ಲ. ಪರಭಾಷೆಯ ಮಾತುಗಾರಿಕೆಯ ವಿಷಯವೂ ಹಾಗೆಯೇ. ಶಬ್ದಗಳನ್ನೂ ವ್ಯಾಕರಣವನ್ನೂ ಒಬ್ಬನೇ ಕುಳಿತು ಕಲಿಯಬಹುದಾದರೂ ಉಚ್ಚಾರಣೆಯ ದೋಷ ಒಮ್ಮೆ ನಾಲಗೆಗೆ ಅಂಟಿಕೊಂಡರೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಅವನ್ನು ಗುರುಗಳ ಮುಂದೆ ಕುಳಿತು ಕಲಿಯುವ ದಿನಕ್ಕೆ ಮೀಸಲಿಟ್ಟೆ.

ಟೈಪಿಂಗ್ ಮೇಲಿನ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾಗಿ ಹೌದೆಂದು ಉತ್ತರ ಕೊಡುವ ಕೆಲಸ. ಒತ್ತಬೇಕಾದ ಅಕ್ಷರ ಒಂದು, ಪರದೆಯ ಮೇಲೆ ಮೂಡಿದ್ದು ಇನ್ನೊಂದು ಎಂದಾದರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಕಲಿತದ್ದು ಸಾಮಾನ್ಯವಾಗಿ ಎಲ್ಲ ಕಂಪ್ಯೂಟರುಗಳಲ್ಲಿರುವ ಕ್ವರ್ಟಿ ಕೀಲಿಮಣೆಯಲ್ಲಿ. ಎಡಗೈಯ ನಾಲ್ಕು ಬೆರಳುಗಳು ನಡುಸಾಲಿನ ಎ, ಎಸ್, ಡಿ, ಎಫ್ ಕೀಲಿಗಳ ಮೇಲೂ ಬಲಗೈಯ ಬೆರಳುಗಳು ಜೆ, ಕೆ, ಎಲ್ ಮತ್ತು ಅರ್ಧವಿರಾಮದ ಕೀಲಿಗಳ ಮೇಲೂ ಕೂರಬೇಕು, ಹೆಬ್ಬೆರಳು ಸ್ಪೇಸ್ ಕೀಲಿಯ ಮೇಲಿರಬೇಕು, ಯಾವ ಬೆರಳು ಎಲ್ಲಿಗೆ ಹೋದರೂ ಒತ್ತಿದ ಕೂಡಲೇ ತನ್ನ ಜಾಗಕ್ಕೆ ಮರಳಬೇಕು ಎಂಬುದು ಇದರ ಮೂಲ ನಿಯಮ. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆ ಇರುವುದು ಇದಕ್ಕಾಗಿಯೇ: ತೋರುಬೆರಳು ಅದನ್ನು ಮುಟ್ಟಿ ತನ್ನ ಸ್ಥಾನವನ್ನು ತಿಳಿದುಕೊಳ್ಳುತ್ತದೆ. ವರ್ಷಗಟ್ಟಲೆ ಅದೇ ಕೀಲಿಮಣೆಯನ್ನು ಬಳಸಿದ್ದರೂ ಆ ಗೆರೆಗಳು ಏಕಿವೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಮೊದಲು ನಡುಸಾಲು, ಅನಂತರ ಮೇಲಿನ ಸಾಲು, ಕೊನೆಗೆ ಕೆಳಗಿನ ಸಾಲು ಎಂಬ ಕ್ರಮದಲ್ಲಿ ಅಭ್ಯಾಸ ಮಾಡಿದೆ. ಕಣ್ಣು ತಾನಾಗಿಯೇ ಕೆಳಗಿಳಿಯುತ್ತಿದ್ದುದರಿಂದ ಕೈಗಳ ಮೇಲೆ ತೆಳುವಾದ ಬಟ್ಟೆಯೊಂದನ್ನು ಹೊದಿಸಿಕೊಳ್ಳುತ್ತಿದ್ದೆ. ಇಲ್ಲಿ ಎಲ್ಲರಿಗೂ ಎದುರಾಗುವ ತೊಂದರೆಯೆಂದರೆ ಆರಂಭದಲ್ಲಿ ವೇಗ ಹೆಚ್ಚುವ ಬದಲು ಕುಸಿಯುತ್ತದೆ. ಎರಡು ಬೆರಳುಗಳಿಂದ ನೋಡಿಕೊಂಡು ಟೈಪ್ ಮಾಡುತ್ತಿದ್ದವನು ಹೊಸ ಕ್ರಮದಲ್ಲಿ ಅದರ ಅರ್ಧದಷ್ಟು ವೇಗವನ್ನೂ ಮುಟ್ಟದೆ ಹೋಗಬಹುದು, ಮತ್ತು ಕಚೇರಿಯ ಕೆಲಸದ ನಡುವೆ ಈ ಕುಸಿತವನ್ನು ಸಹಿಸಿಕೊಳ್ಳುವುದು ಯಾರಿಗೂ ಕಷ್ಟ. ಮನೆಯಲ್ಲಿ ಸಿಕ್ಕ ಬಿಡುವಿನ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಆ ಅವಧಿಯಲ್ಲಿ ನಿಧಾನವಾದರೆ ಕೇಳುವವರು ಯಾರೂ ಇರಲಿಲ್ಲ.

ವೇಗವನ್ನು ಅಳೆಯುವಾಗ ಅಕ್ಷರ, ಖಾಲಿ ಜಾಗ ಎಲ್ಲವೂ ಸೇರಿ ಐದು ಒತ್ತುಗಳನ್ನು ಒಂದು ಪದವೆಂದು ಲೆಕ್ಕ ಹಾಕುವುದು ರೂಢಿ. ಅಭ್ಯಾಸದ ತಂತ್ರಾಂಶಗಳು ತೋರಿಸುವ ಈ ಅಂಕಿ ಮೋಹಕವಾದದ್ದು, ಅದರ ಹಿಂದೆ ಬಿದ್ದರೆ ತಪ್ಪುಗಳು ಹೆಚ್ಚುತ್ತವೆ. ನೂರು ಒತ್ತುಗಳಲ್ಲಿ ತಪ್ಪು ಎರಡು ಮೂರಕ್ಕಿಂತ ಹೆಚ್ಚಾದರೆ ವೇಗವನ್ನು ಇಳಿಸಬೇಕು ಎಂಬ ನಿಯಮವನ್ನು ನನಗೆ ನಾನೇ ಹಾಕಿಕೊಂಡೆ. ಸರಿಯಾದ ಬೆರಳೇ ಸರಿಯಾದ ಕೀಲಿಗೆ ಹೋಗುವುದು ಅಭ್ಯಾಸವಾದರೆ ವೇಗ ಅದರ ಹಿಂದೆ ಬರುತ್ತದೆ. ಒಂದು ಹಂತದಲ್ಲಿ ವೇಗ ಬೆಳೆಯುವುದು ಪೂರ್ತಿಯಾಗಿ ನಿಂತುಹೋಯಿತು. ಇದು ಹೊಸ ಸಂಗತಿಯಲ್ಲ. ಅಮೆರಿಕದ ಬ್ರಯಾನ್ ಮತ್ತು ಹಾರ್ಟರ್ ಎಂಬ ಸಂಶೋಧಕರು 1897ರಲ್ಲಿಯೇ ಟೆಲಿಗ್ರಾಫ್ ಕಲಿಯುವವರನ್ನು ಗಮನಿಸಿ, ಸಂದೇಶವನ್ನು ಕೇಳಿ ಬರೆದುಕೊಳ್ಳುವ ಕೌಶಲ ಬೆಳೆಯುತ್ತಾ ಹೋಗಿ ನಡುವೆ ಬಹುಕಾಲ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅನಂತರ ಮತ್ತೆ ಏರುತ್ತದೆ ಎಂದು ದಾಖಲಿಸಿದ್ದರು. ಬಿಡಿ ಅಕ್ಷರಗಳನ್ನು ಗುರುತಿಸುತ್ತಿದ್ದವರು ಇಡೀ ಪದಗಳನ್ನೇ ಒಟ್ಟಾಗಿ ಹಿಡಿಯಲು ಕಲಿಯುವ ಕಾಲ ಅದು ಎಂಬುದು ಅವರ ವಿವರಣೆ. ಟೈಪಿಂಗಿನಲ್ಲೂ ನನಗೆ ಆದದ್ದು ಇದೇ: ಬಿಡಿ ಅಕ್ಷರಗಳ ಅಭ್ಯಾಸವನ್ನು ಬಿಟ್ಟು ಪದೇ ಪದೇ ಬರುವ ಪದಗಳನ್ನೂ ಪೂರ್ತಿ ವಾಕ್ಯಗಳನ್ನೂ ಟೈಪ್ ಮಾಡಲು ತೊಡಗಿದ ಮೇಲೆ ವೇಗ ಮತ್ತೆ ಏರತೊಡಗಿತು.

ದಿನಕ್ಕೆ ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಉತ್ತರ ಕೊಡುವ ಪ್ರಯೋಗವೂ, ಅದೃಷ್ಟವಶಾತ್, ಟೈಪಿಂಗ್ ಬಗ್ಗೆಯೇ ನಡೆದಿದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಬೇಕಾಗಿ ಬಂದಾಗ ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಆ ನೌಕರರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಿನಕ್ಕೆ ಒಂದೇ ಗಂಟೆಯಂತೆ, ಕೆಲವರಿಗೆ ಎರಡೆರಡು ಗಂಟೆಯ ಎರಡು ಪಾಠಗಳವರೆಗೆ ಅಭ್ಯಾಸ ಕೊಟ್ಟು ನೋಡಿದರು. 1978ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಿನಕ್ಕೆ ಒಂದೇ ಗಂಟೆ ಕಲಿತವರು ಒಟ್ಟಾರೆ ಕಡಿಮೆ ಗಂಟೆಗಳಲ್ಲಿ ಕೀಲಿಮಣೆಯನ್ನು ಕಲಿತರು. ಸ್ವಾರಸ್ಯವೆಂದರೆ ತಮ್ಮ ವೇಳಾಪಟ್ಟಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿ ಇದ್ದದ್ದೂ ಅವರಿಗೇ. ಗಂಟೆಗಳು ಕಡಿಮೆಯಾದರೂ ದಿನಗಳು ಹೆಚ್ಚು ಬೇಕಾದ್ದರಿಂದ ತಾವು ಹಿಂದುಳಿದಿದ್ದೇವೆ ಎಂದು ಅವರಿಗೆ ಅನಿಸಿತ್ತು. ದಿನವಿಡೀ ಬಿಡುವಿರುವಾಗ ಒಂದೇ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ಹಿಡಿದು ಕೂರುವ ಆಸೆ ಸಹಜ. ಅದನ್ನು ತಡೆಯಲೆಂದೇ ನಾನು ಒಂದರ ಬದಲು ಮೂರು ಕೆಲಸಗಳನ್ನು ಆರಿಸಿಕೊಂಡದ್ದು: ಬೆಳಗ್ಗೆ ಟೈಪಿಂಗ್, ಮಧ್ಯಾಹ್ನ ಲೆಕ್ಕ, ಹಗಲಿನ ಬೆಳಕು ಇನ್ನೂ ಚೆನ್ನಾಗಿರುವಾಗ ಹೊಲಿಗೆ. ಬೆರಳುಗಳು ದಣಿದಾಗ ತಲೆಗೆ ಕೆಲಸ, ತಲೆ ದಣಿದಾಗ ಮತ್ತೆ ಕೈಗೆ.

ಸ್ಪ್ರೆಡ್‌ಶೀಟಿನಲ್ಲಿ ತಪ್ಪು ಟೈಪಿಂಗಿನಷ್ಟು ಸುಲಭವಾಗಿ ಕಾಣಿಸುವುದಿಲ್ಲ. ಸೂತ್ರ ತಪ್ಪಾಗಿದ್ದರೂ ಪರದೆಯ ಮೇಲೆ ಒಂದು ಸಂಖ್ಯೆ ಠೀವಿಯಿಂದ ಮೂಡುತ್ತದೆ, ಮತ್ತು ನೋಡುವವರು ಅದನ್ನು ನಂಬುತ್ತಾರೆ. ಹಾಗಾಗಿ ನಾನು ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಹುಡುಕಿದೆ. ಹಿಂದಿನ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇದಕ್ಕೆ ಹೇಳಿ ಮಾಡಿಸಿದಂತಿತ್ತು, ಏಕೆಂದರೆ ಪ್ರತಿ ತಿಂಗಳ ಕೊನೆಯ ಬಾಕಿ ಅದರಲ್ಲೇ ಇರುತ್ತದೆ. ಜಮೆ, ಖರ್ಚುಗಳನ್ನು ನಾನೇ ನಮೂದಿಸಿ, ಆರಂಭದ ಬಾಕಿಯಿಂದ ಹಿಡಿದು ಲೆಕ್ಕ ಹಾಕಿದಾಗ ಬರುವ ಮೊತ್ತ ಬ್ಯಾಂಕಿನ ಮೊತ್ತಕ್ಕೆ ಪೈಸೆ ಪೈಸೆಗೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎಲ್ಲಿ ತಪ್ಪಿದೆ ಎಂದು ಹುಡುಕುವಾಗಲೇ ನಿಜವಾದ ಪಾಠ ನಡೆಯುತ್ತಿತ್ತು. ಸಂಖ್ಯೆಯಂತೆ ಕಾಣುವ ಕೆಲವು ನಮೂದುಗಳನ್ನು ತಂತ್ರಾಂಶ ಬರಿಯ ಅಕ್ಷರಗಳೆಂದು ತಿಳಿದು ಕೂಡುವಾಗ ಬಿಟ್ಟುಬಿಡುತ್ತದೆ ಎಂಬುದು, ದಿನಾಂಕಗಳನ್ನು ಅದು ಒಳಗೊಳಗೇ ಸಂಖ್ಯೆಗಳಾಗಿ ಇಟ್ಟುಕೊಳ್ಳುವುದರಿಂದ ಒಂದು ದಿನಾಂಕದಿಂದ ಇನ್ನೊಂದನ್ನು ಕಳೆದರೆ ನಡುವಿನ ದಿನಗಳೇ ಸಿಗುತ್ತವೆ ಎಂಬುದು ನನಗೆ ತಿಳಿದದ್ದು ಹೀಗೆ.

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶ ಹೊರಬಂದಾಗಿನಿಂದ ಸ್ಪ್ರೆಡ್‌ಶೀಟಿನ ಜೀವಾಳ ಒಂದೇ: ಹಾಳೆಯ ಒಂದು ಮನೆಯಲ್ಲಿ, ಅಂದರೆ ಚೌಕದಲ್ಲಿ, ಇರುವ ಸಂಖ್ಯೆಯನ್ನು ಬದಲಿಸಿದರೆ ಅದನ್ನು ಅವಲಂಬಿಸಿರುವ ಎಲ್ಲವೂ ತಾವಾಗಿಯೇ ಬದಲಾಗಬೇಕು. ಇದನ್ನು ಅರಗಿಸಿಕೊಳ್ಳದೆ ಸೂತ್ರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ವ್ಯರ್ಥ. ಸೂತ್ರವೊಂದನ್ನು ಕೆಳಗಿನ ಸಾಲಿಗೆ ನಕಲಿಸಿದಾಗ ಅದು ಸೂಚಿಸುವ ಮನೆಗಳೂ ಒಂದೊಂದು ಸಾಲು ಕೆಳಗಿಳಿಯುತ್ತವೆ. ಇಳಿಯಬಾರದು ಎಂದಾದರೆ ಡಾಲರ್ ಚಿಹ್ನೆ ಹಾಕಿ ಕಟ್ಟಿಹಾಕಬೇಕು. ಇಷ್ಟನ್ನು ಸರಿಯಾಗಿ ತಿಳಿದುಕೊಂಡವರಿಗೆ ಅರ್ಧ ಸ್ಪ್ರೆಡ್‌ಶೀಟ್ ಬಂದಂತೆಯೇ. ಮೊತ್ತ, ಸರಾಸರಿ, ಷರತ್ತಿಗೆ ತಕ್ಕಂತೆ ಕೂಡುವ ಸೂತ್ರ, ಇನ್ನೊಂದು ಪಟ್ಟಿಯಿಂದ ಬೆಲೆಯನ್ನು ಹುಡುಕಿ ತರುವ ವಿ-ಲುಕಪ್, ಮತ್ತು ಉದ್ದ ಪಟ್ಟಿಯನ್ನು ಗುಂಪು ಗುಂಪಾಗಿ ಒಟ್ಟುಗೂಡಿಸಿ ತೋರಿಸುವ ಪಿವಟ್ ಟೇಬಲ್, ಇವಿಷ್ಟು ಮನೆಯ ಲೆಕ್ಕಕ್ಕೂ ಸಣ್ಣ ಕಚೇರಿಯ ಲೆಕ್ಕಕ್ಕೂ ಬಹುಮಟ್ಟಿಗೆ ಸಾಕು. ವಿ-ಲುಕಪ್ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಥ ಹೊಂದಿಕೆ ಬೇಕೆಂದು ತಿಳಿಸುವ ಅದರ ಕೊನೆಯ ಅಂಶವನ್ನು ಬರೆಯದೇ ಬಿಟ್ಟರೆ ತಂತ್ರಾಂಶವು ನಿಖರವಾದ ಹೊಂದಿಕೆಯ ಬದಲು ಸಮೀಪದ ಹೊಂದಿಕೆಯನ್ನು ಹುಡುಕುತ್ತದೆ, ಪಟ್ಟಿ ಅನುಕ್ರಮದಲ್ಲಿ ಇಲ್ಲದಿದ್ದರೆ ತಪ್ಪು ಉತ್ತರವನ್ನು ಸದ್ದಿಲ್ಲದೆ ಕೊಡುತ್ತದೆ. ಅಡ್ಡಸಾಲುಗಳ ಮೊತ್ತ ಮತ್ತು ಕಂಬಸಾಲುಗಳ ಮೊತ್ತ ಒಂದೇ ಆಗಿದೆಯೆ ಎಂದು ನೋಡುವ ಹಳೆಯ ಗುಮಾಸ್ತರ ಪದ್ಧತಿಯನ್ನು ನಾನು ಇಂದಿಗೂ ಪ್ರತಿ ಹಾಳೆಯಲ್ಲಿ ಇಟ್ಟುಕೊಂಡಿರುವುದು ಇಂಥ ಸದ್ದಿಲ್ಲದ ತಪ್ಪುಗಳಿಗಾಗಿಯೇ.

ಹೊಲಿಗೆಯ ಬಗ್ಗೆ ಹೇಳುವುದು ಕಡಿಮೆ. ಕಲಿತದ್ದು ಗುಂಡಿ ಹಾಕುವುದು, ಕೆಳಅಂಚನ್ನು ಮಡಿಸಿ ಹೊಲಿಯುವುದು, ಬಿಚ್ಚಿಹೋದ ಹೊಲಿಗೆಯನ್ನು ಮತ್ತೆ ಹಾಕುವುದು, ಇಷ್ಟೇ. ದಾರವನ್ನು ಬೆರಳ ತುದಿಯಿಂದ ಮೊಣಕೈವರೆಗಿನ ಉದ್ದಕ್ಕಿಂತ ಬಹಳ ಉದ್ದ ತೆಗೆದುಕೊಂಡರೆ ಸಿಕ್ಕುಬೀಳುತ್ತದೆ. ಗುಂಡಿಯನ್ನು ಬಟ್ಟೆಗೆ ಬಿಗಿಯಾಗಿ ಅಂಟಿಸಿ ಹೊಲಿಯದೆ, ಅದರ ಮೇಲೊಂದು ಬೆಂಕಿಕಡ್ಡಿಯನ್ನಿಟ್ಟು ದಾರವನ್ನು ಕಡ್ಡಿಯ ಮೇಲಿಂದ ಹಾಯಿಸಿ ಹೊಲಿದು, ಕಡ್ಡಿಯನ್ನು ತೆಗೆದ ಮೇಲೆ ಸಿಗುವ ಸಡಿಲಿಕೆಯಲ್ಲಿ ಗುಂಡಿಯ ಕೆಳಗೆ ದಾರವನ್ನು ನಾಲ್ಕಾರು ಸುತ್ತು ಸುತ್ತಿ ಗಂಟು ಹಾಕಿದರೆ ಗುಂಡಿ ಕಾಜಾದೊಳಗೆ ಸಲೀಸಾಗಿ ಕೂರುತ್ತದೆ. ಎಳೆತ ಬೀಳುವ ಕಡೆ, ಪ್ರತಿ ಸಲವೂ ಅರ್ಧದಷ್ಟು ಹಿಂದಕ್ಕೆ ಬಂದು ಮುಂದಕ್ಕೆ ಹೋಗುವ ಹೊಲಿಗೆಯೇ ಬೇಕು. ನೇರವಾಗಿ ಓಡಿಸುವ ಕಚ್ಚಾ ಹೊಲಿಗೆ ಅಲ್ಲಿ ನಿಲ್ಲುವುದಿಲ್ಲ. ಪರೀಕ್ಷೆಯೂ ಸರಳ. ಎರಡೂ ಕೈಗಳಿಂದ ಬಟ್ಟೆಯನ್ನು ಎಳೆದರೆ ಹೊಲಿಗೆ ಬಾಯಿ ಬಿಡಬಾರದು, ಒಗೆದ ಮೇಲೆ ಸುಕ್ಕುಗಟ್ಟಬಾರದು. ಹಳೆಯ ಬಟ್ಟೆಯ ತುಂಡುಗಳ ಮೇಲೆ ಕೈ ಪಳಗಿದ ನಂತರವೇ ತೊಡುವ ಬಟ್ಟೆಯನ್ನು ಮುಟ್ಟಿದೆ.

ಮೂರಕ್ಕೂ ವಿಡಿಯೊಗಳನ್ನು ನೋಡಿದ್ದೇನೆ, ಅವುಗಳಿಂದ ಉಪಕಾರವೂ ಆಗಿದೆ. ಆದರೆ ನೋಡುವಾಗ ಎಲ್ಲವೂ ತಿಳಿಯಿತು ಎಂಬ ಭಾವನೆ ಬಹಳ ಬೇಗ ಬರುತ್ತದೆ, ಅದನ್ನು ನಂಬಬಾರದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರದ ಪರೀಕ್ಷೆಯಲ್ಲಾದರೋ, ಪುಸ್ತಕವನ್ನು ಮುಚ್ಚಿಟ್ಟು ನೆನಪಿನಿಂದ ಬರೆದು ನೋಡಿಕೊಂಡಿದ್ದವರೇ ಮುಂದಾದರು. ಇದನ್ನು ನಾನು ಹೀಗೆ ಅಳವಡಿಸಿಕೊಂಡೆ: ವಿಡಿಯೊವನ್ನು ಒಮ್ಮೆ ಪೂರ್ತಿಯಾಗಿ ನೋಡಿ, ಮುಚ್ಚಿ, ಅದರಲ್ಲಿ ಕಂಡದ್ದನ್ನು ನೆನಪಿನಿಂದ ಮಾಡಲು ಪ್ರಯತ್ನಿಸುವುದು, ತೊಡಕಾದ ಭಾಗವನ್ನಷ್ಟೇ ತೆರೆದು ನೋಡುವುದು. ಮರುದಿನ ಹೊಸದನ್ನು ಆರಂಭಿಸುವ ಮೊದಲು ಹಿಂದಿನ ದಿನದ್ದನ್ನು ಏನನ್ನೂ ನೋಡದೆ ಒಮ್ಮೆ ಮಾಡುತ್ತಿದ್ದೆ. ಜರ್ಮನಿಯ ಎಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ 1885ರಲ್ಲಿ ಪ್ರಕಟಿಸಿದ ಮರೆವಿನ ಅಧ್ಯಯನದಲ್ಲಿ ಪರೀಕ್ಷಕನೂ ಅವನೇ, ಪರೀಕ್ಷೆಗೆ ಒಳಗಾದವನೂ ಅವನೊಬ್ಬನೇ. ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಜಾರಿಹೋಗುತ್ತದೆ, ಉಳಿದದ್ದು ನಿಧಾನವಾಗಿ ಸವೆಯುತ್ತದೆ ಎಂಬುದು ಅವನು ಕಂಡುಕೊಂಡದ್ದು. ಒಂಟಿಯಾಗಿ ಕಲಿಯುವವರಿಗೆ ಅವನಿಗಿಂತ ಹತ್ತಿರದವರು ಇನ್ನಾರೂ ಇಲ್ಲವೆಂದು ನನಗೆ ಅನಿಸಿದೆ.

ಪ್ಲಾಸ್ಟರ್ ತೆಗೆದು ಓಡಾಟ ಆರಂಭವಾದ ಮೇಲೆ ಬಿಡುವು ಹೋಯಿತು. ಟೈಪಿಂಗನ್ನು ಉಳಿಸಿಕೊಳ್ಳಲು ಏನೂ ಮಾಡಬೇಕಾಗಲಿಲ್ಲ, ಏಕೆಂದರೆ ದಿನನಿತ್ಯದ ಕೆಲಸವೇ ಅದರ ಅಭ್ಯಾಸ. ಹೊಲಿಗೆ ಅಪರೂಪಕ್ಕೆ ಬೇಕಾಗುತ್ತದೆ, ಆದರೆ ಸೂಜಿ ಹಿಡಿದ ಸ್ವಲ್ಪ ಹೊತ್ತಿಗೆ ಕೈಗೆ ನೆನಪು ಮರಳುತ್ತದೆ. ಬೇಗ ಮರೆತುಹೋಗುವುದು ಸ್ಪ್ರೆಡ್‌ಶೀಟಿನ ಸೂತ್ರಗಳು. ಅದಕ್ಕಾಗಿ ಒಂದು ಕಡತವನ್ನು ಪ್ರತ್ಯೇಕವಾಗಿ ಇಟ್ಟುಕೊಂಡಿದ್ದೇನೆ. ಅದರ ಒಂದೊಂದು ಹಾಳೆಯಲ್ಲಿ ಒಂದೊಂದು ಸೂತ್ರ, ಅದಕ್ಕೆ ಐದಾರು ಸಾಲಿನ ಚಿಕ್ಕ ಉದಾಹರಣೆ, ಪಕ್ಕದಲ್ಲಿ ಕೈಯಿಂದ ಲೆಕ್ಕ ಹಾಕಿದ ಉತ್ತರ ಇವೆ. ಬೇಕಾದಾಗ ಹಾಳೆಯನ್ನು ತೆರೆದು, ಸೂತ್ರವನ್ನು ಅಳಿಸಿ, ನೆನಪಿನಿಂದ ಮತ್ತೆ ಬರೆದು, ಉತ್ತರ ತಾಳೆಯಾದರೆ ಕೆಲಸಕ್ಕೆ ಇಳಿಯುತ್ತೇನೆ.