ಡೀಸೆಲ್ ಹೊಗೆಯ ಮಸಿಗೆ ಪ್ಲಾಸ್ಮಾ: ಪ್ರಯೋಗಾಲಯದಲ್ಲಿ ಜೋಡಿಸಿ ಅಳೆಯುವ ಕ್ರಮ

ಡೀಸೆಲ್ ಮಸಿ ಬರಿಯ ಆಮ್ಲಜನಕದಲ್ಲಿ ಉರಿಯಬೇಕಾದರೆ ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಕಡಿಮೆ ಲೋಡಿನಲ್ಲಿ ಓಡುವ ಎಂಜಿನ್ನಿನ ಹೊಗೆ ಅಷ್ಟು ಕಾಯುವುದೇ ಇಲ್ಲ. ಪ್ಲಾಸ್ಮಾ, ಅಂದರೆ ವಿದ್ಯುತ್ತಿನ ಬಲಕ್ಕೆ ಅಣುಗಳಿಂದ ಎಲೆಕ್ಟ್ರಾನುಗಳು ಬಿಡಿಯಾದ ಅನಿಲ, ಉಪಯೋಗಕ್ಕೆ ಬರುವುದು ಇಲ್ಲಿಯೇ: ಹೈ ವೋಲ್ಟೇಜ್ ಕೊಟ್ಟಾಗ ಅನಿಲ ಹೆಚ್ಚು ಕಾಯದಿದ್ದರೂ ವೇಗ ಪಡೆದ ಎಲೆಕ್ಟ್ರಾನುಗಳು ಆಮ್ಲಜನಕ ಮತ್ತು ನೀರಾವಿಯ ಅಣುಗಳನ್ನು ಒಡೆಯುತ್ತವೆ, ಆ ಚೂರುಗಳು ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಆಗಿಸುತ್ತವೆ, ಅದು 250ರಿಂದ 400 ಡಿಗ್ರಿಯಲ್ಲೇ ಮಸಿಯನ್ನು ಸುಡಬಲ್ಲದು.

ಮೊದಲ ಪ್ರಯೋಗಕ್ಕೆ ಸಣ್ಣ ಡೀಸೆಲ್ ಜನರೇಟರಿನ ಸೈಲೆನ್ಸರಿನಿಂದ ನಿಮಿಷಕ್ಕೆ 10 ಲೀಟರ್ ಹೊಗೆಯನ್ನು ಪಂಪಿನಿಂದ ಎಳೆದುಕೊಂಡರೆ ಸಾಕು. ಕ್ವಾರ್ಟ್ಜ್ ಕೊಳವೆಯ ನಡುವೆ ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ನಿಲ್ಲಿಸಿ, ಸುತ್ತಲೂ ಕೆಲವೇ ಮಿಲಿಮೀಟರ್ ಸಂದು ಬಿಟ್ಟು, ಕೊಳವೆಯ ಹೊರಮೈಗೆ ಸ್ಟೀಲ್ ಜಾಲರಿ ಸುತ್ತಿ ಅದನ್ನು ಅರ್ಥ್ ಮಾಡಬೇಕು. ಸರಳಿಗೆ 10ರಿಂದ 20 ಕಿಲೋವೋಲ್ಟಿನ ಎಸಿ ಕೊಟ್ಟಾಗ ಸಂದಿನಲ್ಲಿ ನೇರಳೆ ಬೆಳಕು ಹರಡುತ್ತದೆ; ಅದೇ ಪ್ಲಾಸ್ಮಾ.

ಕೆಡುವ ಜಾಗ ಬಹುಮಟ್ಟಿಗೆ ಕೊಳವೆಯ ತುದಿಗಳೇ. ಮಸಿಯಲ್ಲಿ ವಿದ್ಯುತ್ ಹರಿಯುವುದರಿಂದ, ಸರಳನ್ನು ಹಿಡಿದಿರುವ ಇನ್ಸುಲೇಟರಿನ ಮೇಲೆ ಅದು ಕೂದಲೆಳೆಯಷ್ಟು ಕಪ್ಪು ಗೆರೆಯಾಗಿ ಕೂತರೂ ಸಾಕು, ಹೊಳಪು ಸಂದನ್ನು ಬಿಟ್ಟು ಆ ಗೆರೆಯ ಮೇಲೆಯೇ ಚಟಚಟನೆ ಕಿಡಿಯಾಗಿ ಓಡುತ್ತದೆ. ಆದ್ದರಿಂದ ಹೊಗೆಯನ್ನು ತುದಿಯಿಂದ ಒಳಬಿಡದೆ ಪಕ್ಕದ ಕವಲಿನಿಂದ ಬಿಡಿ. ಇನ್ಸುಲೇಟರಿನ ಮುಂದೆ ಸ್ವಲ್ಪ ಶುದ್ಧ ಗಾಳಿ ಸದಾ ಹರಿಯುತ್ತಿರಲಿ, ಆ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊಗೆಗೆ ಎಷ್ಟು ಶಕ್ತಿ ಸೇರಿತೆಂಬುದನ್ನು ಲೀಟರಿಗೆ ಇಷ್ಟು ಜೂಲ್ ಎಂದು ಬರೆದಿಡಬೇಕು. ನಿಮಿಷಕ್ಕೆ 10 ಲೀಟರಿಗೆ 10 ವ್ಯಾಟ್ ಹೋದರೆ ಅದು ಲೀಟರಿಗೆ 60 ಜೂಲ್. 1500 ಆರ್‌ಪಿಎಂನಲ್ಲಿ ಓಡುವ 2 ಲೀಟರಿನ ಫೋರ್ ಸ್ಟ್ರೋಕ್ ಎಂಜಿನ್ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಎಳೆಯುವುದರಿಂದ, ಅದೇ ಪ್ರಮಾಣಕ್ಕೆ 1.5 ಕಿಲೋವ್ಯಾಟ್ ಬೇಕಾಗುತ್ತದೆ. ಪ್ಲಾಸ್ಮಾದ ನಿಜವಾದ ಅಡಚಣೆ ಈ ವಿದ್ಯುತ್ ಖರ್ಚು ಎಂಬುದು ನನ್ನ ಅಭಿಪ್ರಾಯ.

ಇನ್ನು ಅಳತೆ. ಒಣಗಿಸಿ ತೂಗಿದ ಫಿಲ್ಟರ್ ಕಾಗದದಲ್ಲಿ, ಪ್ಲಾಸ್ಮಾ ಇಲ್ಲದೆ ಒಮ್ಮೆ, ಇದ್ದಾಗ ಒಮ್ಮೆ, ಅಷ್ಟೇ ಹೊತ್ತು ಮಸಿ ಹಿಡಿಯಬೇಕು. ಎರಡನೆಯ ಕಾಗದ ಬೆಳ್ಳಗಿದ್ದ ಮಾತ್ರಕ್ಕೆ ಮಸಿ ಸುಟ್ಟಿತೆಂದು ಬರೆಯಬೇಡಿ. ವಿದ್ಯುದಾವೇಶ ಪಡೆದ ಕಣಗಳು ಕೊಳವೆಯ ಗೋಡೆಗೆ ಅಂಟಿ, ಆಮೇಲೆ ಹಕ್ಕಳೆಯಾಗಿ ಎದ್ದು ಹೊರಬೀಳುವುದುಂಟು. ಹಾಗಾಗಿ ಕೊಳವೆಯನ್ನೂ ಸರಳನ್ನೂ ಪ್ರಯೋಗದ ಮೊದಲು ಮತ್ತು ನಂತರ ತೂಗಿ, ಎರಡು ಕಾಗದಗಳಲ್ಲಿ ಸಿಕ್ಕ ಮಸಿಯ ವ್ಯತ್ಯಾಸದಿಂದ ಅಂಟಿದ್ದನ್ನು ಕಳೆದು ಉಳಿದದ್ದನ್ನಷ್ಟೇ ಸುಟ್ಟ ಪಾಲೆಂದು ಎಣಿಸಬೇಕು.

ನೈಟ್ರೋಜನ್ ಡೈಆಕ್ಸೈಡ್ ನೈಟ್ರಿಕ್ ಆಕ್ಸೈಡಿಗಿಂತ ವಿಷಕರ. ಪ್ಲಾಸ್ಮಾ ಕೊಳವೆಯಿಂದ ಹೊಗೆ ಹೊರಬರುವ ಕಡೆ ಸೆರಾಮಿಕ್ ಫಿಲ್ಟರ್ ಇಟ್ಟು ಅದನ್ನು 300 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಈ ಡೈಆಕ್ಸೈಡಿನ ಒಂದು ಭಾಗ ಮಸಿಯನ್ನು ಸುಡಲು ಬಳಕೆಯಾಗುತ್ತದೆ; ಉಳಿದದ್ದನ್ನು ಕೊಠಡಿಯೊಳಗೆ ಬಿಡದೆ ಪೈಪಿನಲ್ಲಿ ಹೊರಕ್ಕೆ ಒಯ್ಯಬೇಕು. ಸ್ವಿಚ್ ಆರಿಸಿದ ಮೇಲೂ ಸರಳಿನಲ್ಲಿ ಚಾರ್ಜ್ ಉಳಿದಿರಬಹುದು. ಅರ್ಥಿಂಗ್ ಕೋಲು ಮುಟ್ಟಿಸದೆ ಕೈ ಹಾಕಬೇಡಿ.