ಸಾನ್ ಸಿರೊದ ಸಾಲಿನಲ್ಲಿ: ಸ್ಪ್ರಿಂಗ್‌ಸ್ಟೀನ್ ಪ್ರವಾಸದ ಕೊನೆಯ ಕಾನ್ಸರ್ಟ್

ನನ್ನ ಟಿಕೆಟ್ ಮೇಲಿದ್ದ ತಾರೀಖು 2024ರ ಜೂನ್ 3. ಅದೇ ಟಿಕೆಟ್ ಹಿಡಿದು ಮಿಲಾನ್‌ನ ಸಾನ್ ಸಿರೊ ಸ್ಟೇಡಿಯಂ ಒಳಗೆ ಕಾಲಿಟ್ಟದ್ದು 2025ರ ಜುಲೈ 3ಕ್ಕೆ. ಮಧ್ಯೆ ಹದಿಮೂರು ತಿಂಗಳು ಕಳೆದಿದ್ದವು. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 2023ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಶುರು ಮಾಡಿದ ಪ್ರವಾಸ ಇದು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅವರಿಗೆ ಹೊಟ್ಟೆ ಹುಣ್ಣು ಜೋರಾಗಿ ಪ್ರವಾಸ ನಿಂತಿತು. ಮುಂದಿನ ಮಾರ್ಚ್‌ನಲ್ಲಿ ಮತ್ತೆ ಶುರುವಾಯಿತು. ಮೇ ಕೊನೆಗೆ ಗಂಟಲು ಕೈಕೊಟ್ಟಿತು. ಮಾರ್ಸೇ, ಪ್ರಾಗ್, ಮಿಲಾನ್ ಎಲ್ಲವೂ ಒಂದು ವರ್ಷ ಮುಂದಕ್ಕೆ ಹೋದವು. ಹಾಗಾಗಿಯೇ ಇಡೀ ಪ್ರವಾಸದ ಕೊನೆಯ ಕಾನ್ಸರ್ಟ್ ಮಿಲಾನ್ ಪಾಲಿಗೆ ಬಂತು. ಮುಂದೂಡಿದ ದಿನ ಬೇಜಾರು ಮಾಡಿಕೊಂಡಿದ್ದ ನಮಗೆಲ್ಲ ಅದು ದೊಡ್ಡ ಲಾಭವೇ ಆಯಿತು.

ಹದಿಮೂರು ತಿಂಗಳಲ್ಲಿ ಜನರ ಬದುಕು ಬದಲಾಗುತ್ತದೆ. ಕೆಲಸ ಬಿಟ್ಟವರಿರುತ್ತಾರೆ, ಮಗು ಹೆತ್ತವರಿರುತ್ತಾರೆ, ಊರು ಬಿಟ್ಟವರಿರುತ್ತಾರೆ. ಇಟಲಿಯಲ್ಲಿ ದೊಡ್ಡ ಕಾನ್ಸರ್ಟ್‌ಗಳ ಟಿಕೆಟ್ ಮೇಲೆ ನಮ್ಮ ಹೆಸರು ಅಚ್ಚಾಗಿರುತ್ತದೆ. 2019ರಿಂದ ಇದು ಕಾನೂನು. ಬಾಗಿಲಲ್ಲಿ ಗುರುತಿನ ಚೀಟಿ ಕೇಳಬಹುದು. ಬೇರೆಯವರಿಗೆ ಟಿಕೆಟ್ ಕೊಡಬೇಕಾದರೆ ಟಿಕೆಟ್ ಮಾರಿದವರ ಮೂಲಕವೇ ಹೆಸರು ಬದಲಾಯಿಸಬೇಕು. ಶುರುವಿನಲ್ಲಿ ಇದು ಕಿರಿಕಿರಿ ಅನ್ನಿಸುತ್ತದೆ. ಆದರೆ ಬ್ಲ್ಯಾಕ್‌ನಲ್ಲಿ ಮಾರುವವರ ಕೈಗೆ ಟಿಕೆಟ್ ಸುಲಭವಾಗಿ ಸಿಗದೇ ಇರುವುದು ಇದರಿಂದಲೇ. ಯುರೋಪ್‌ಗೆ ಬಂದು ಕಾನ್ಸರ್ಟ್ ನೋಡಬೇಕು ಅಂತ ಕೇಳುವ ಬೆಂಗಳೂರಿನ ಗೆಳೆಯರಿಗೆ ನಾನು ಮೊದಲು ಹೇಳುವುದು ಇದನ್ನೇ: ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರಿನಲ್ಲೇ ಟಿಕೆಟ್ ತಗೊಳ್ಳಿ.

ನಾನು ಟೊರಿನೊದಲ್ಲಿ ಕೆಲಸ ಮಾಡುತ್ತೇನೆ. ಊರು ಹಾಸನ. ಸ್ಪ್ರಿಂಗ್‌ಸ್ಟೀನ್ ಹಾಡು ನನಗೆ ಗಂಟುಬಿದ್ದದ್ದು ಬೆಂಗಳೂರಿನ ಹಾಸ್ಟೆಲ್ ದಿನಗಳಲ್ಲಿ, ಯಾರದೋ ಹಳೇ ಕ್ಯಾಸೆಟ್‌ನಿಂದ. ಕಾರ್ಖಾನೆ ಮುಚ್ಚಿದ ಊರು, ರಾತ್ರಿ ಪಾಳಿ ಮುಗಿಸಿ ಬರುವ ಅಪ್ಪ, ಊರು ಬಿಟ್ಟು ಓಡಿಹೋಗುವ ಹುಡುಗ ಹುಡುಗಿ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿದ್ದಾಗಲೂ ಆ ಜನರ ಕಷ್ಟ ನನಗೆ ಪೂರ್ತಿ ಗೊತ್ತಾಗುತ್ತಿತ್ತು. ಸ್ಪ್ರಿಂಗ್‌ಸ್ಟೀನ್ ಭಾರತದಲ್ಲಿ ಹಾಡಿದ್ದು 1988ರ ಸೆಪ್ಟೆಂಬರ್ 30ರಂದು, ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲಿ, ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಮಾನವ ಹಕ್ಕುಗಳ ಪ್ರವಾಸದಲ್ಲಿ. ನಾನಾಗ ತೊಟ್ಟಿಲಲ್ಲಿದ್ದೆ.

ಸ್ಪ್ರಿಂಗ್‌ಸ್ಟೀನ್ ಕಾನ್ಸರ್ಟ್‌ನಲ್ಲಿ ಮುಂದೆ ನಿಲ್ಲಬೇಕು ಅಂದರೆ ದುಡ್ಡು ಮಾತ್ರ ಸಾಲದು, ಹಾಜರಿ ಬೇಕು. ಅಭಿಮಾನಿಗಳೇ ನಡೆಸುವ ಪಟ್ಟಿ ಅದು. ಸ್ಟೇಡಿಯಂನವರದ್ದೂ ಅಲ್ಲ, ಆಯೋಜಕರದ್ದೂ ಅಲ್ಲ. ಕಾನ್ಸರ್ಟ್‌ಗೆ ಕೆಲವು ದಿನ ಮೊದಲೇ ಗೇಟಿನ ಹತ್ತಿರ ಯಾರಾದರೂ ಒಂದು ನೋಟ್‌ಬುಕ್ ಹಿಡಿದು ಕೂರುತ್ತಾರೆ. ನಾವು ಹೋಗಿ ಹೆಸರು ಬರೆಸಬೇಕು. ಒಂದು ನಂಬರ್ ಕೊಡುತ್ತಾರೆ, ಅದನ್ನು ಮಾರ್ಕರ್ ಪೆನ್‌ನಲ್ಲಿ ಕೈ ಮೇಲೆ ಬರೆಯುತ್ತಾರೆ. ಅಲ್ಲಿಂದಾಚೆಗೆ ದಿನಕ್ಕೆ ಹಲವು ಸಲ ಹಾಜರಿ. ಇಟಲಿಯವರು ಅಪ್ಪೆಲ್ಲೊ ಅನ್ನುತ್ತಾರೆ. ಹೇಳಿದ ಹೊತ್ತಿಗೆ ಬಂದು ನಂಬರ್ ಕೂಗಿದಾಗ ಕೈ ಎತ್ತಬೇಕು. ತಪ್ಪಿಸಿದರೆ ಹೆಸರಿಗೆ ಗೀಟು ಬೀಳುತ್ತದೆ. ಮಧ್ಯದ ಹೊತ್ತಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ನಿದ್ದೆ ಮಾಡಬಹುದು, ಊಟ ಮಾಡಬಹುದು, ಆಫೀಸಿನ ಕೆಲಸವನ್ನೂ ಮುಗಿಸಬಹುದು.

ನಾನು ರಜೆ ಹಾಕಿ ಮೊದಲೇ ಮಿಲಾನ್‌ಗೆ ಹೋದೆ. ಟೊರಿನೊದಿಂದ ವೇಗದ ರೈಲಿನಲ್ಲಿ ಒಂದು ಗಂಟೆ ದಾರಿ. ಚಿಕ್ಕಮ್ಮನ ಮಗ ಅಲ್ಲೇ ಪಾಲಿಟೆಕ್ನಿಕ್‌ನಲ್ಲಿ ಓದುತ್ತಾನೆ, ಬೊವೀಸಾದಲ್ಲಿ ಅವನ ರೂಮು. ಅಲ್ಲಿಂದ ಪೋರ್ಟಾ ಗರಿಬಾಲ್ಡಿಗೆ ಲೋಕಲ್ ರೈಲು, ಗರಿಬಾಲ್ಡಿಯಿಂದ ಸೀದಾ ಸ್ಟೇಡಿಯಂ ಬುಡಕ್ಕೆ ಎಂ5 ಮೆಟ್ರೊ. ಡ್ರೈವರ್ ಇಲ್ಲದ ಮೆಟ್ರೊ ಅದು. ಹಾಜರಿಗೆ ಓಡಾಡುವವರು ಉಳಿಯುವ ಜಾಗವನ್ನು ಈ ಲೈನ್ ನೋಡಿಕೊಂಡೇ ಆರಿಸಬೇಕು. ಊರ ನಡುವಿನ ಚಂದದ ಹೋಟೆಲ್‌ಗಿಂತ ಇದು ಎಷ್ಟೋ ವಾಸಿ.

ನನಗೆ ಸಿಕ್ಕಿದ ನಂಬರ್ ತೀರಾ ಮುಂದಿನದಲ್ಲ, ತೀರಾ ಹಿಂದಿನದೂ ಅಲ್ಲ. ಮಿಲಾನ್‌ನಲ್ಲಿ ಎರಡು ಕಾನ್ಸರ್ಟ್ ಇದ್ದವು. ಜೂನ್ 30ರ ಮೊದಲನೆಯದನ್ನು ಮುಗಿಸಿದವರು ಅಲ್ಲಿಂದಲೇ ಎರಡನೆಯದರ ಪಟ್ಟಿಗೆ ಸೇರಿಕೊಂಡಿದ್ದರು. ನೋಟ್‌ಬುಕ್ ಹಿಡಿದಿದ್ದ ಹೆಂಗಸಿಗೆ ಅರವತ್ತು ದಾಟಿರಬೇಕು. ನನ್ನ ಹೆಸರು ಬರೆಯಲು ಒದ್ದಾಡಿದರು. ನಾನೇ ಬರೆದುಕೊಟ್ಟೆ. ಮುಂದಿನ ಹಾಜರಿಯಲ್ಲಿ ಅವರು ಆ ಹೆಸರನ್ನು ಸರಿಯಾಗಿ ಕೂಗಿದರು, ಹಿಂದಿನ ರಾತ್ರಿ ಹೇಳಿ ಹೇಳಿ ಅಭ್ಯಾಸ ಮಾಡಿದೆ ಅಂದರು. ಅವರಿಗೆ ಇದರಿಂದ ಒಂದು ಪೈಸೆಯೂ ಸಿಗುವುದಿಲ್ಲ. ಬಿಸಿಲಲ್ಲಿ ನಿಂತು, ಗಂಟಲು ಹರಿದುಕೊಂಡು, ಜಗಳ ಬಿಡಿಸಿ, ನೂರಾರು ಜನರ ಸರದಿ ಕಾಯುತ್ತಾರೆ.

ಜಗಳ ಇಲ್ಲ ಅಂತಲ್ಲ. ಒಬ್ಬ ಬಂದು ಗೆಳೆಯರ ಐದಾರು ಹೆಸರು ಒಟ್ಟಿಗೆ ಬರೆಸಲು ನೋಡಿದ. ಬಂದವರ ಹೆಸರು ಮಾತ್ರ ಬರೆಯುವುದು ಅಂತ ಸಾಲಿನಲ್ಲಿದ್ದವರೇ ಹೇಳಿದರು. ಇನ್ನೊಬ್ಬ ಹುಡುಗಿಯ ರೈಲು ತಡವಾಗಿ ಹಾಜರಿ ತಪ್ಪಿತ್ತು. ಅವಳು ರೈಲಿನಲ್ಲಿದ್ದ ಫೋಟೊ ತೋರಿಸಿದಳು. ಸುತ್ತ ನಿಂತವರು ಮಾತಾಡಿಕೊಂಡು ಅವಳ ನಂಬರ್ ಉಳಿಸಿದರು. ಕಾನೂನಿನ ಬಲ ಇಲ್ಲದ ಒಂದು ಪಟ್ಟಿ ಕೇವಲ ನಂಬಿಕೆ ಮೇಲೆ ನಿಲ್ಲುವುದನ್ನು ನಾನು ಇಷ್ಟು ಹತ್ತಿರದಿಂದ ಬೇರೆಲ್ಲೂ ನೋಡಿಲ್ಲ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಲು ಹೋದಾಗ ಜನರ ನೂಕಾಟದಲ್ಲಿ ಉಸಿರು ಸಿಕ್ಕಿಕೊಂಡಿತ್ತು. ಅವತ್ತು ನಮ್ಮಲ್ಲೂ ಯಾರಾದರೂ ಒಂದು ನೋಟ್‌ಬುಕ್ ಹಿಡಿದಿದ್ದರೆ ಅಂತ ಮಿಲಾನ್‌ನಲ್ಲಿ ಎಷ್ಟೋ ಸಲ ಅನ್ನಿಸಿತು. ನಾವೂ ಮಾಡಬಹುದು. ಕಷ್ಟವೇನಲ್ಲ, ಅಲ್ವಾ?

ಬಿಸಿಲಿನ ಮಾತು ಹೇಳಲೇಬೇಕು. ಆ ವಾರ ಯುರೋಪ್ ಪೂರ್ತಿ ಬಿಸಿಗಾಳಿ. ಮಿಲಾನ್‌ನಲ್ಲಿ ರೆಡ್ ಅಲರ್ಟ್ ಇತ್ತು, 35 ಡಿಗ್ರಿ ಆಸುಪಾಸು. ಸ್ಟೇಡಿಯಂ ಸುತ್ತ ಬರೀ ಡಾಂಬರು ಮತ್ತು ಕಾಂಕ್ರೀಟು, ಕಾದ ಕಾವಲಿ ಮೇಲೆ ನಿಂತ ಹಾಗೆ. ನಾನು ಬಿಳಿ ಕಾಟನ್ ದುಪಟ್ಟ ಒದ್ದೆ ಮಾಡಿ ತಲೆಗೆ ಸುತ್ತಿಕೊಂಡೆ. ಅದನ್ನು ನೋಡಿ ಪಕ್ಕದ ಸ್ಪೇನ್‌ನ ದಂಪತಿಯೂ ತಮ್ಮ ಟವೆಲ್ ಒದ್ದೆ ಮಾಡಿಕೊಂಡರು. ಮಿಲಾನ್ ಬೀದಿಗಳಲ್ಲಿ ಹಸಿರು ಬಣ್ಣದ ಎರಕದ ಕಬ್ಬಿಣದ ನಲ್ಲಿಗಳಿವೆ. ಡ್ರ್ಯಾಗನ್ ಬಾಯಿಂದ ಸದಾ ನೀರು ಬರುತ್ತಿರುತ್ತದೆ, ಕುಡಿಯಬಹುದು, ದುಡ್ಡಿಲ್ಲ. ಅವು ಎಲ್ಲೆಲ್ಲಿವೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಉಪ್ಪು ಸಕ್ಕರೆ ಬೆರೆಸಿದ ನೀರು ನನ್ನ ಹತ್ತಿರ ಯಾವಾಗಲೂ ಇರುತ್ತಿತ್ತು. ಇಟಲಿಯ ಸ್ಟೇಡಿಯಂಗಳಲ್ಲಿ ಬಾಟಲಿಯ ಮುಚ್ಚಳ ತೆಗೆದುಬಿಡುತ್ತಾರೆ, ಹಾಗಾಗಿ ಒಳಗೆ ಹೋದ ಮೇಲೆ ಬಾಟಲಿಯನ್ನು ಬ್ಯಾಗಿನಲ್ಲಿ ಇಡಲು ಆಗುವುದಿಲ್ಲ, ಕೈಯಲ್ಲೇ ಹಿಡಿದಿರಬೇಕು.

ಊಟಕ್ಕೆ ಚಿಕ್ಕಮ್ಮನ ಮಗ, ನನ್ನ ತಮ್ಮ, ಪುಳಿಯೋಗರೆ ಮಾಡಿ ತರುತ್ತಿದ್ದ. ಅವನದು ಮೇಲಿನ ಸಾಲಿನ ಸೀಟು, ಅವನಿಗೆ ಕ್ಯೂ ನಿಲ್ಲುವ ಅಗತ್ಯವೇ ಇರಲಿಲ್ಲ. ಆದರೂ ಮಧ್ಯಾಹ್ನ ಬಂದು, "ಅಕ್ಕಾ, ತಿಂದ್ಯಾ? ನೀರು ಕುಡೀತಾ ಇದ್ದೀಯಾ?" ಅಂತ ಕೇಳಿ ಹೋಗುತ್ತಿದ್ದ. ಹುಣಸೆ ಗೊಜ್ಜು ಬಿಸಿಲಿಗೆ ಕೆಡುವುದಿಲ್ಲ. ನನ್ನ ಸಾಲಿನವರೆಲ್ಲ ರುಚಿ ನೋಡಿದರು. ನನಗೆ ಬದಲಿಗೆ ಪೀಚ್ ಹಣ್ಣು, ಇಟಲಿಯ ಬ್ರೆಡ್ ಫೊಕಾಚ್ಚ, ಐಸ್ ಹಾಕಿದ ಕಾಫಿ.

ಮಾತಿಗೆ ಏನು ಕಮ್ಮಿ! ಜೂನ್ 27ಕ್ಕಷ್ಟೇ ಸ್ಪ್ರಿಂಗ್‌ಸ್ಟೀನ್‌ರ ಅಲ್ಲಿಯವರೆಗೆ ಬಿಡುಗಡೆಯಾಗದಿದ್ದ ಏಳು ಆಲ್ಬಂಗಳು ಒಟ್ಟಿಗೆ ಹೊರಬಂದಿದ್ದವು, 83 ಹಾಡು. ಸಾಲಿನಲ್ಲಿ ಎಲ್ಲರ ಕಿವಿಯಲ್ಲೂ ಅವೇ. ಸಾನ್ ಸಿರೊದ ಹಳೇ ಕಥೆಗಳೂ ಅಲ್ಲೇ ಸಿಕ್ಕಿದವು. ಅವರು ಇಟಲಿಯಲ್ಲಿ ಮೊದಲ ಸಲ ಹಾಡಿದ್ದೇ ಈ ಸ್ಟೇಡಿಯಂನಲ್ಲಿ, 1985ರ ಜೂನ್ 21ರಂದು. ಅವತ್ತು ಹದಿಹರೆಯದಲ್ಲಿದ್ದವರು ಈಗ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. 2003ರಲ್ಲಿ ಮಳೆಯಲ್ಲಿ ನೆನೆದದ್ದು, 2012ರಲ್ಲಿ ಮೂರೂವರೆ ಗಂಟೆ ದಾಟಿ ಹಾಡಿದ್ದು, 2013ರಲ್ಲಿ ಗ್ಯಾಲರಿ ತುಂಬ ಕಾಗದ ಎತ್ತಿ ನಮ್ಮ ಪ್ರೀತಿ ನಿಜ ಅಂತ ಬರೆದು ತೋರಿಸಿದ್ದು, ಎಲ್ಲವನ್ನೂ ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು. ಸ್ಪ್ರಿಂಗ್‌ಸ್ಟೀನ್‌ರ ತಾಯಿ ಅಡೆಲ್ ಇಟಲಿ ಮೂಲದವರು, ನೇಪಲ್ಸ್ ಹತ್ತಿರದ ವೀಕೊ ಎಕ್ವೆನ್ಸೆ ಅವರ ಪೂರ್ವಿಕರ ಊರು. 2024ರ ಜನವರಿಯಲ್ಲಿ ತೀರಿಕೊಂಡರು. ಇಟಲಿಯವರು ಬ್ರೂಸ್ ನಮ್ಮ ಮನೆ ಹುಡುಗ ಅನ್ನುವಾಗ ಅದರಲ್ಲಿ ಸುಳ್ಳಿಲ್ಲ.

ಕಾನ್ಸರ್ಟ್ ದಿನ ಕೊನೆಯ ಹಾಜರಿ ಆದ ಮೇಲೆ ನಂಬರ್ ಪ್ರಕಾರ ನಿಲ್ಲಿಸಿದರು. ಗೇಟು ತೆಗೆದಾಗ ಓಡಬಾರದು ಅಂತ ಮೊದಲೇ ಮಾತಾಗಿತ್ತು. ಬಹುಪಾಲು ಜನ ಓಡಲಿಲ್ಲ. ನಡು ವೇದಿಕೆ ಎದುರಿನ ಬೇಲಿಯ ಆಸೆಯನ್ನು ನಾನು ಇಟ್ಟುಕೊಳ್ಳಲಿಲ್ಲ. ಬಲಗಡೆ, ಬೇಲಿಯಿಂದ ಎರಡನೇ ಸಾಲಿನಲ್ಲಿ ನಿಂತೆ. ನನ್ನಂಥ ಕುಳ್ಳಿಯರಿಗೆ ಇದು ಒಳ್ಳೇ ಜಾಗ. ಎದೆಗೆ ಜನರ ಒತ್ತಡ ಬೀಳುವುದಿಲ್ಲ, ಗಾಳಿ ಬರುತ್ತದೆ, ಸ್ಪ್ರಿಂಗ್‌ಸ್ಟೀನ್ ವೇದಿಕೆ ಅಂಚಿಗೆ ನಡೆದು ಬಂದಾಗ ಮುಖವೂ ಚೆನ್ನಾಗಿ ಕಾಣುತ್ತದೆ.

ಇನ್ನೂ ಬೆಳಕಿರುವಾಗಲೇ ಬ್ಯಾಂಡಿನವರು ಒಬ್ಬೊಬ್ಬರಾಗಿ ಬಂದರು. ಮ್ಯಾಕ್ಸ್ ವೈನ್‌ಬರ್ಗ್ ಡ್ರಮ್ಸ್ ಹಿಂದೆ ಕೂತಾಗಲೇ ಅರ್ಧ ಸ್ಟೇಡಿಯಂ ಅಳುತ್ತಿತ್ತು. ಬ್ಯಾಂಡಿನ ಗಿಟಾರ್ ವಾದಕ ಸ್ಟೀವನ್ ವ್ಯಾನ್ ಝಾಂಟ್‌ಗೆ ಜೂನ್‌ನಲ್ಲಿ ಸ್ಪೇನ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಅವರು ಮಿಲಾನ್‌ಗೆ ಬರುತ್ತಾರೋ ಇಲ್ಲವೋ ಅನ್ನುವುದೇ ಸಾಲಿನಲ್ಲಿ ದೊಡ್ಡ ಚಿಂತೆಯಾಗಿತ್ತು. ಬಂದರು. ತಲೆಗೆ ಅದೇ ಬಟ್ಟೆ ಕಟ್ಟಿಕೊಂಡು, ಅದೇ ನಗು. ಸ್ಪ್ರಿಂಗ್‌ಸ್ಟೀನ್‌ಗೆ ಆಗ 75 ವರ್ಷ. ಬ್ರೂ…ಸ್ ಅಂತ ಎಲ್ಲರೂ ಎಳೆದು ಕೂಗಿದಾಗ ಕಾಲ ಕೆಳಗಿನ ನೆಲ ನಡುಗಿದ್ದು ನನಗೆ ಗೊತ್ತಾಯಿತು.

ಆ ವರ್ಷದ ಯುರೋಪ್ ಸುತ್ತಿನಲ್ಲಿ ಅವರು ಹಾಡುಗಳ ನಡುವೆ ಜಾಸ್ತಿ ಮಾತಾಡಿದರು. ತಮ್ಮ ದೇಶದ ಸರ್ಕಾರದ ಬಗ್ಗೆ, ಕಿತ್ತುಕೊಳ್ಳುತ್ತಿರುವ ಹಕ್ಕುಗಳ ಬಗ್ಗೆ, ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶುರು ಮಾಡಿದ ಮಾತು ಅದು. ಬರೀ ಹಾಡು ಕೇಳಲು ಬಂದಿದ್ದೇವೆ, ಇದೆಲ್ಲ ಯಾಕೆ ಅನ್ನುವವರು ಸಾಲಿನಲ್ಲೂ ಇದ್ದರು. ನನಗೆ ಆ ಮಾತುಗಳು ಹಾಡಿನಿಂದ ಬೇರೆ ಅನ್ನಿಸಲಿಲ್ಲ. ಐವತ್ತು ವರ್ಷ ಕೆಲಸ ಕಳೆದುಕೊಂಡವರ, ಯುದ್ಧದಿಂದ ಮರಳಿದವರ ಬಗ್ಗೆ ಹಾಡಿದ ಮನುಷ್ಯ ಈಗ ಸುಮ್ನೆ ಇದ್ದಿದ್ದರೇ ನನಗೆ ಬೇಜಾರಾಗುತ್ತಿತ್ತು. ಈ ಸುತ್ತಿನಲ್ಲಿ ಬಾಬ್ ಡಿಲನ್ ಬರೆದ ಚೈಮ್ಸ್ ಆಫ್ ಫ್ರೀಡಂ ಹಾಡನ್ನು ಅವರು ಮತ್ತೆ ಕೈಗೆತ್ತಿಕೊಂಡಿದ್ದರು. 1988ರ ಜುಲೈ 3ರಂದು ಸ್ಟಾಕ್‌ಹೋಮ್‌ನಲ್ಲಿ ಆಮ್ನೆಸ್ಟಿ ಪ್ರವಾಸಕ್ಕೆ ಸೇರುತ್ತೇನೆ ಅಂತ ಹೇಳಿ ಹಾಡಿದ್ದು ಇದೇ ಹಾಡು. ಅದೇ ಪ್ರವಾಸ ಅವರನ್ನು ದೆಹಲಿಗೆ ಕರೆತಂದದ್ದು. ಜುಲೈ 3ರಂದೇ ನಾನು ಮಿಲಾನ್‌ನಲ್ಲಿ ನಿಂತಿದ್ದೆ. ಈ ತಾರೀಖಿನ ಸಂಗತಿಯನ್ನು ತಿಳಿಸಿದ್ದು ಸಾಲಿನಲ್ಲಿದ್ದ ಸ್ವೀಡನ್‌ನ ಒಬ್ಬ ಮೇಷ್ಟ್ರು. ಅವರು 1988ರಲ್ಲಿ ಅಲ್ಲಿದ್ದರಂತೆ.

ಬಾರ್ನ್ ಟು ರನ್ ಹಾಡಿಗೆ ಸ್ಟೇಡಿಯಂನ ಎಲ್ಲ ದೀಪ ಹಾಕುತ್ತಾರೆ. ಅಲ್ಲಿಯವರೆಗೆ ನಾವು ವೇದಿಕೆ ನೋಡುತ್ತಿರುತ್ತೇವೆ. ದೀಪ ಬಂದ ಮೇಲೆ ಒಬ್ಬರನ್ನೊಬ್ಬರು ನೋಡುತ್ತೇವೆ. ಮೂರು ಅಂತಸ್ತಿನ ಗ್ಯಾಲರಿ ತುಂಬ ಎತ್ತಿದ ಕೈಗಳು. ನೋಟ್‌ಬುಕ್ಕಿನ ಆ ಹೆಂಗಸು ನನ್ನ ಮುಂದೆಯೇ ಬೇಲಿ ಹಿಡಿದು ಕುಣಿಯುತ್ತಿದ್ದರು. ಟೆಂತ್ ಅವೆನ್ಯೂ ಹಾಡುವಾಗ ತೀರಿಹೋದ ಬ್ಯಾಂಡಿನ ಸ್ಯಾಕ್ಸೊಫೋನ್ ವಾದಕ ಕ್ಲಾರೆನ್ಸ್ ಕ್ಲೆಮನ್ಸ್ ಮತ್ತು ಕೀಬೋರ್ಡ್ ವಾದಕ ಡ್ಯಾನಿ ಫೆಡೆರಿಚಿಯ ಚಿತ್ರಗಳು ಪರದೆ ಮೇಲೆ ಬಂದವು. ಈಗ ಸ್ಯಾಕ್ಸೊಫೋನ್ ನುಡಿಸುತ್ತಿದ್ದದ್ದು ಕ್ಲಾರೆನ್ಸ್‌ರ ಸಹೋದರನ ಮಗ ಜೇಕ್.

ಪ್ರವಾಸದ ಕೊನೆಯ ಕಾನ್ಸರ್ಟ್ ಉಳಿದವುಗಳಿಗಿಂತ ಬೇರೆಯೇ ಅಂತ ಹಲವರು ಕೇಳುತ್ತಾರೆ. ಹಾಡುಗಳ ಪಟ್ಟಿ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ನೋಡುವ ಜನ. ಈ ಹಾಡು ಈ ಸುತ್ತಿನಲ್ಲಿ ಮತ್ತೆ ಬರುವುದಿಲ್ಲ ಅಂತ ಗೊತ್ತಿರುವವರ ಮಧ್ಯೆ ನಿಂತು ಕೇಳುವುದೇ ಬೇರೆ. ಫೋನು ಎತ್ತಿದವರು ಕಮ್ಮಿ, ಹಾಡಿದವರು ಜಾಸ್ತಿ. ಹಾಗಾಗಿ ಒಂದೇ ಕಾನ್ಸರ್ಟ್‌ಗೆ ದುಡ್ಡಿದೆ ಅನ್ನುವವರಿಗೆ ನಾನು ಕೊನೆಯದಕ್ಕೇ ಹೋಗಿ ಅನ್ನುತ್ತೇನೆ. ಸಾನ್ ಸಿರೊ ವಿಷಯದಲ್ಲಂತೂ ಇನ್ನೊಂದು ಕಾರಣವೂ ಇದೆ. 1926ರಲ್ಲಿ ಶುರುವಾದ ಈ ಸ್ಟೇಡಿಯಂ ಅನ್ನು ಎರಡು ಫುಟ್‌ಬಾಲ್ ಕ್ಲಬ್‌ಗಳಿಗೆ ಮಾರಲು ಮಿಲಾನ್ ನಗರಸಭೆ ಅದೇ ಸೆಪ್ಟೆಂಬರ್ ಕೊನೆಯಲ್ಲಿ ಒಪ್ಪಿತು. ಹೊಸದನ್ನು ಕಟ್ಟಿ ಹಳೆಯದರ ಬಹುಪಾಲು ಕೆಡವುತ್ತಾರಂತೆ.

ಹೊರಗೆ ಬಂದಾಗ ಎಂ5 ನಿಲ್ದಾಣದ ಮುಂದೆ ಜನಸಾಗರ. ನಾವು ಅಲ್ಲಿ ನಿಲ್ಲದೆ ಲೊಟ್ಟೊ ನಿಲ್ದಾಣದ ಕಡೆ ನಡೆದೆವು. ಆ ಹೊತ್ತಿಗೆ ಅದೇ ಬೇಗ. ನನ್ನ ತಮ್ಮ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದ. ಮೇಲಿನ ಸೀಟಿನಲ್ಲಿ ಕೂತಿದ್ದವನಿಗೆ ಹಾಡು ಇಷ್ಟವಾಗಿತ್ತು, ಆದರೆ ಕೆಳಗೆ ನಿಂತಿದ್ದ ನಮ್ಮನ್ನು ನೋಡಿ ಹೊಟ್ಟೆಕಿಚ್ಚಾಗಿತ್ತು. "ಮುಂದಿನ ಸಲ ನನ್ನ ಹೆಸರೂ ಬರೆಸು ಅಕ್ಕಾ" ಅಂದ. ಬಂದವರ ಹೆಸರು ಮಾತ್ರ ಬರೆಯುವುದು, ನೀನೇ ಬರಬೇಕು ಅಂತ ಹೇಳಿದೆ.